ಎಲ್ಲರ ಕಣ್ಣೂ ತೊಟ್ಟಿಲ ಮೇಲೆ

ಹೆರಿಗೆಯಾದ ಹೊತ್ತಿನಲ್ಲಿ ಗರ್ಭಕೋಶ ಸುಮಾರು ಒಂದು ಕಿಲೋ ತೂಗುತ್ತದೆ. ಆರು ವಾರ ಕಳೆಯುವಷ್ಟರಲ್ಲಿ ಕುಗ್ಗಿ 60 ಗ್ರಾಂ ಆಸುಪಾಸಿಗೆ ಬರುತ್ತದೆ. ಮಾಸು ಅಂಟಿಕೊಂಡಿದ್ದ ಜಾಗದ ಗಾಯ ಮಾಯುವುದು, ರಕ್ತಸ್ರಾವ ನಿಲ್ಲುವುದು, ಎದೆಯಲ್ಲಿ ಹಾಲು ಇಳಿಯುವುದು, ಒಂಬತ್ತು ತಿಂಗಳು ಏರುತ್ತಲೇ ಇದ್ದ ಹಾರ್ಮೋನುಗಳು ಎರಡು-ಮೂರು ದಿನದಲ್ಲಿ ದಿಢೀರನೆ ಕುಸಿಯುವುದು, ಎಲ್ಲವೂ ಇದೇ ಅವಧಿಯಲ್ಲಿ. ವೈದ್ಯರು ಇದನ್ನು 42 ದಿನ ಎಂದು ಲೆಕ್ಕ ಹಾಕುತ್ತಾರೆ. ಹೆಂಗಸಿನ ಮೈ ಇಷ್ಟು ಕಡಿಮೆ ಸಮಯದಲ್ಲಿ ಇಷ್ಟೊಂದು ಬದಲಾಗುವ ಕಾಲ ಮತ್ತೊಂದಿಲ್ಲ. ಆದರೆ ಆ ದಿನಗಳಲ್ಲಿ ಮನೆಯವರು ನೆನಪಿಟ್ಟು ಬರೆದುಕೊಳ್ಳುವುದು ಒಂದೇ ತೂಕವನ್ನು, ಮಗುವಿನ ತೂಕವನ್ನು.

ನನ್ನ ಮಗಳು ಹುಟ್ಟಿದ ಮೊದಲ ವಾರಗಳನ್ನು ತಿಪಟೂರಿನ ತವರುಮನೆಯಲ್ಲಿ ಕಳೆದೆ. ಈಗ ನೆನೆದರೆ ದಿನಗಳು ಒಂದರ ಮೇಲೊಂದು ಕಲಸಿಕೊಂಡಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಸ್ಪಷ್ಟವಿಲ್ಲ. ಒಗೆದ ಜಬ್ಲಾದ ವಾಸನೆ, ನಸುಕಿನಲ್ಲಿ ಹಾಲಿನವನ ಗಾಡಿಯ ಸದ್ದು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಂಚದಿಂದ ಏಳುವಾಗಿನ ಸೆಳೆತ ಮಾತ್ರ ನಿಚ್ಚಳ. ತುಂಡು ತುಂಡು ನಿದ್ದೆಯಲ್ಲಿ ನೆನಪು ಸರಿಯಾಗಿ ಕೂರುವುದಿಲ್ಲ ಎನ್ನುವುದು ಒಂದು ಕಾರಣ. ಮೆದುಳೂ ಬದಲಾಗಿರುತ್ತದೆ. ಬಸುರಿಗೆ ಮೊದಲು ಮತ್ತು ಹೆರಿಗೆಯ ನಂತರ ತೆಗೆದ ಸ್ಕ್ಯಾನುಗಳನ್ನು ಹೋಲಿಸಿ ಎಲ್ಸೆಲಿನ್ ಹೂಕ್ಜೆಮಾ ಮತ್ತು ಸಂಗಡಿಗರು ಬಾರ್ಸಿಲೋನಾದಲ್ಲಿ ನಡೆಸಿದ ಅಧ್ಯಯನ 2016ರ ಕೊನೆಯಲ್ಲಿ ಪ್ರಕಟವಾಯಿತು. ಮತ್ತೊಬ್ಬರ ಮನಸ್ಸನ್ನು ಅರಿಯಲು ಬಳಕೆಯಾಗುವ ಭಾಗಗಳಲ್ಲಿ ಬೂದು ದ್ರವ್ಯ ಕಡಿಮೆಯಾಗಿತ್ತು, ಎರಡು ವರ್ಷದ ನಂತರವೂ ಆ ಬದಲಾವಣೆ ಉಳಿದಿತ್ತು. ಇದು ನಷ್ಟವಲ್ಲ, ಮಗುವಿನ ಕಡೆಗೆ ಮೆದುಳು ತನ್ನನ್ನು ಹದಗೊಳಿಸಿಕೊಳ್ಳುವ ಬಗೆ ಇರಬಹುದು ಎಂಬುದು ಆ ಸಂಶೋಧಕರ ಅಭಿಪ್ರಾಯ.

ಬಾಣಂತನ ಎಂಬ ಏರ್ಪಾಡು ಹುಟ್ಟಿದ್ದು ಇಂಥ ತಾಯಿಗಾಗಿಯೇ. ಅದರಲ್ಲಿ ಎರಡು ಎಳೆಗಳಿವೆ. ತಾಯಿಯ ಕೆಲಸಗಳನ್ನು ಬೇರೆಯವರು ವಹಿಸಿಕೊಳ್ಳುವುದು ಒಂದು, ತಾಯಿಯ ಬಾಯಿ ಕಟ್ಟುವುದು ಇನ್ನೊಂದು. ಮೊದಲನೆಯದು ಇವತ್ತಿಗೂ ಬೆಲೆ ಕಟ್ಟಲಾಗದ್ದು. ಎರಡನೆಯದನ್ನು ಧೈರ್ಯವಾಗಿ ಬಿಡಬೇಕು. ನಮ್ಮ ಕಾಲದಲ್ಲಿ ಆಗುತ್ತಿರುವುದು ತಿರುಗುಮುರುಗು. ಕೆಲಸಕ್ಕೆ ಕೈಗಳು ಕಡಿಮೆಯಾಗುತ್ತಿವೆ, ಪಥ್ಯ ಮಾತ್ರ ಹಾಗೇ ಉಳಿದಿದೆ.

ಮೊದಲ ಗಂಟೆ, ಮೊದಲ ಹಾಲು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗುವುದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಡಾಕ್ಟರು, ನರ್ಸು, ಯಂತ್ರ ಎಲ್ಲ ಇರುವ ಕಡೆಯೇ ಹೀಗೆ. ಸಿಸೇರಿಯನ್ ಆದರೆ ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ. ವಾರ್ಡಿಗೆ ಬಂದ ಮೇಲೆ ಬಂಧುಬಳಗದ ಸಂಭ್ರಮ. ನಡುವೆ ಯಾರೋ ಒಬ್ಬರು ಸಕ್ಕರೆ ನೀರು, ಇನ್ನೊಬ್ಬರು ಜೇನು ಹಿಡಿದು ನಿಂತಿರುತ್ತಾರೆ. ಜೇನಿನಲ್ಲಿ ಬಾಟ್ಯುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಎಳೆಗೂಸಿನ ಕರುಳಿಗೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಒಂದು ವರ್ಷ ತುಂಬುವವರೆಗೆ ಜೇನು ಬೇಡ ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ.

ಮೊದಲೆರಡು ದಿನ ಬರುವ ಹಾಲು ಹಳದಿ, ಗಟ್ಟಿ, ಅಳತೆಯಲ್ಲಿ ಕೆಲವೇ ಚಮಚ. ಹಿಂದಿನವರಲ್ಲಿ ಹಲವರು ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು. ಹಸು ಕರು ಹಾಕಿದಾಗ ಗಿಣ್ಣಿಗಾಗಿ ಕಾದು ಕೂರುವ ಮನೆಗಳಲ್ಲೇ ತಾಯಿಯ ಗಿಣ್ಣುಹಾಲು ಬಚ್ಚಲಿಗೆ ಹೋಗುತ್ತಿತ್ತು. ಸೋಂಕು ತಡೆಯುವ ಪ್ರತಿಕಾಯಗಳು, ಅದರಲ್ಲೂ ಐಜಿಎ ಎಂಬುದು, ಆ ಹಾಲಿನಲ್ಲಿ ತುಂಬಿರುತ್ತವೆ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಇಳಿಯಬೇಕು, ಆಗಲೇ ಹಾಲು ಧಾರಾಳವಾಗಿ ಬರುವುದು. ಅದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಅಷ್ಟರಲ್ಲಿ ಮಗುವಿನ ತೂಕ ಶೇ 7ರಿಂದ 10ರವರೆಗೂ ಇಳಿಯಬಹುದು, ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ.

ಈ ಲೆಕ್ಕ ಗೊತ್ತಿಲ್ಲದ ಮನೆಯಲ್ಲಿ ಮೂರನೆಯ ದಿನ ದೊಡ್ಡ ಗಾಬರಿ. "ಹಾಲು ಸಾಲ್ತಾ ಇಲ್ಲ ಅನ್ಸುತ್ತೆ, ಡಬ್ಬಿ ಹಾಲು ತರ್ಸೋಣ" ಎಂದು ನನ್ನ ಸೋದರತ್ತೆ ಬಾಗಿಲಲ್ಲೇ ತೀರ್ಪು ಕೊಟ್ಟರು. ಮಗು ಮೊಲೆ ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಬಾಟಲಿ ಬಂದಷ್ಟೂ ಚೀಪುವುದು ಕಡಿಮೆಯಾಗುತ್ತದೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಸುಲಭದ ಗುರುತು ಲಂಗೋಟಿ. ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮಗು ಉಚ್ಚೆ ಹೊಯ್ದರೆ, ದಿನಕ್ಕೆ 20-30 ಗ್ರಾಂ ತೂಕ ಏರಿದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ.

ಹಳದಿ ಮಗು, ನೀಲಿ ದೀಪ

ದಿನ ತುಂಬಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು ಆರಕ್ಕೆ ಮೊದಲ ವಾರ ಮೈ ಹಳದಿಯಾಗುತ್ತದೆ. ಹೊಟ್ಟೆಯೊಳಗಿದ್ದಾಗ ಬೇಕಿದ್ದ ಹೆಚ್ಚುವರಿ ಕೆಂಪು ರಕ್ತಕಣಗಳು ಹುಟ್ಟಿದ ಮೇಲೆ ಒಡೆಯುತ್ತವೆ, ಆಗ ಬರುವ ಬಿಲಿರುಬಿನ್ ಅನ್ನು ಹೊರಹಾಕುವಷ್ಟು ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಮೂರರಿಂದ ಐದನೆಯ ದಿನದಲ್ಲಿ ಹಳದಿ ಜಾಸ್ತಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಬಹಳ ಏರಿದರೆ ಮಾತ್ರ ಮೆದುಳಿಗೆ ಅಪಾಯ, ಅದನ್ನು ತಡೆಯಲು ಮಗುವನ್ನು ನೀಲಿ ದೀಪದಡಿ ಮಲಗಿಸುತ್ತಾರೆ.

ಆ ದೀಪದ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಮಗುವನ್ನು ಗಾಜಿನಾಚೆಯಿಂದ ನೋಡುವ ತಾಯಿಗೆ ಎದೆ ಒಡೆಯುತ್ತದೆ. ಆ ದೀಪದ ಹಿಂದೆ ಒಬ್ಬ ನರ್ಸಿನ ಕಣ್ಣಿದೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬಾಕೆ ದಿನ ತುಂಬದ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈ ಬೆಳ್ಳಗಾಗಿ, ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗಿ ಉಳಿದದ್ದನ್ನು ಆಕೆ ವೈದ್ಯರಿಗೆ ತೋರಿಸಿದರು. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಅದರ ಬೆನ್ನು ಹತ್ತಿ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಬೆಳಕು ಬಿಲಿರುಬಿನ್ನಿನ ಆಕಾರ ಬದಲಿಸಿ, ಮೈಯಿಂದ ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಅಜ್ಜಿಯರ ಎಳೆಬಿಸಿಲು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಅಳೆದು ಕೊಡಲಾಗದು, ತೆಳ್ಳನೆಯ ಮೈಗೆ ಬಿಸಿ, ಚಳಿ ಎರಡೂ ತಾಗುತ್ತವೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹಬ್ಬಿದರೆ, ಮಗು ಹಾಲು ಕುಡಿಯದೆ ಮಂಕಾದರೆ ಬಿಸಿಲು ಕಾಯಿಸುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ಹಂಡೆ ನೀರು

ಬಾಣಂತನದ ಒಳ್ಳೆಯ ಪಾಲನ್ನು ನಾನು ಕಂಡದ್ದು ಬಚ್ಚಲುಮನೆಯಲ್ಲಿ. ಮಗುವಿಗೆ ನೀರು ಹಾಕಲು ಪಕ್ಕದ ಬೀದಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಒಲೆಗೆ ತೆಂಗಿನ ಮಟ್ಟೆ ತುರುಕಿ, ಹಂಡೆಯ ನೀರಿಗೆ ಮೊಣಕೈ ಅದ್ದಿ ಹದ ನೋಡುವರು. ಸೀರೆಯನ್ನು ಮೊಣಕಾಲ ಮೇಲಕ್ಕೆ ಸೆಕ್ಕಿ, ಮಣೆಯ ಮೇಲೆ ಕೂತು ಎರಡೂ ಕಾಲು ನೀಡುವರು. ಮೀನಖಂಡಗಳ ನಡುವಿನ ತಗ್ಗಿನಲ್ಲಿ ಮಗು ಬೋರಲು, ತಲೆ ಪಾದಗಳ ಕಡೆಗೆ, ಕೆನ್ನೆ ಒಂದು ಬದಿಗೆ. ಕೊಬ್ಬರಿ ಎಣ್ಣೆಯ ಕೈ ಬೆನ್ನಿನಿಂದ ಕುಂಡೆಯವರೆಗೆ ಇಳಿದು, ತೊಡೆ ಸುತ್ತಿ, ಅಂಗಾಲು ಮುಟ್ಟಿ ಹಿಂದಿರುಗುವುದು. ಎಡಗೈ ಬಾಯಿ ಮೂಗಿಗೆ ಅಡ್ಡ, ಬಲಗೈಯ ತಂಬಿಗೆಯಿಂದ ನೀರು ಸಣ್ಣ ಧಾರೆಯಾಗಿ ಬೆನ್ನಿಗೆ. ಕಿರುಚುತ್ತಿದ್ದ ಕೂಸು ಎರಡನೆಯ ತಂಬಿಗೆಗೆ ತೆಪ್ಪಗೆ.

ಆಮೇಲೆ ನನ್ನ ಸರದಿ. "ಉಸ್ರು ಬಿಗಿ ಹಿಡೀಬ್ಯಾಡ ಕಣವ್ವ, ಬುಡು" ಎನ್ನುತ್ತಾ ಸೊಂಟಕ್ಕೆ ಬಿಸಿನೀರು ಬಿಡುವರು. ಹೊಲಿಗೆಯ ಜಾಗವನ್ನು ಮಾತ್ರ ಮುಟ್ಟದೆ ಬಿಡಬೇಕೆಂದು ವೈದ್ಯರು ಹೇಳಿದ್ದನ್ನು ಒಮ್ಮೆ ಹೇಳಿದ್ದಷ್ಟೆ, ಮತ್ತೆ ನೆನಪಿಸುವ ಪ್ರಸಂಗ ಬರಲಿಲ್ಲ. ಇಡೀ ದಿನದಲ್ಲಿ ಯಾರೋ ಒಬ್ಬರು ನನ್ನ ಮೈ ಮುಟ್ಟಿ, ನೋವು ಎಲ್ಲಿ ಎಂದು ಕೇಳುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಆ ಅಜ್ಜಿಯ ಪದ್ಧತಿಯಲ್ಲೂ ಬಿಡಬೇಕಾದದ್ದು ಇತ್ತು. ಸ್ನಾನದ ನಂತರದ ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವುದು ಅದಕ್ಕಿಂತ ಅಪಾಯ, ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಕ್ಕುಳ ಬಳ್ಳಿಯ ತುಂಡು ಒಣಗಿ ಬೀಳಲು ಒಂದೆರಡು ವಾರ ಬೇಕು, ಅದಕ್ಕೆ ಬೂದಿ, ಅರಿಶಿನ, ಎಣ್ಣೆ ಯಾವುದೂ ಬೇಡ, ಒಣಗಿದ್ದರೆ ಸಾಕು. ಹಿಂದೆ ಆ ಗಾಯದಿಂದಲೇ ಧನುರ್ವಾಯು ಬಂದು ಮಕ್ಕಳು ಸಾಯುತ್ತಿದ್ದವು. ಬಸುರಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಇವೆರಡರ ಬಲದಿಂದ ಭಾರತ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯ ಗುರಿ ಮುಟ್ಟಿತು. ಬಚ್ಚಲಿನ ಅಜ್ಜಿಗೆ ಇದನ್ನೆಲ್ಲ ತಿಳಿಸಿದರೆ ಅವರು ಕೇಳುತ್ತಾರೆ. ಕೇಳದೆ ಇರುವುದು ಅಡುಗೆಮನೆ.

ಬಾಯಿ ಕಟ್ಟುವ ತಿಂಗಳು

ನನ್ನ ತಟ್ಟೆಯಲ್ಲಿ ದಿನವೂ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ. ಬೇಳೆ ವಾಯು, ಹಣ್ಣು ಶೀತ, ಸೊಪ್ಪು ತಿಂದರೆ ಮಗುವಿಗೆ ಭೇದಿ. ನೀರು ಸಣ್ಣ ಲೋಟದಲ್ಲಿ, ಅದೂ ಕಾಯಿಸಿದ್ದು. "ಒಂದ್ ತಿಂಗ್ಳು ಬಾಯಿ ಕಟ್ಟಿದ್ರೆ ನಿಂಗೇ ಒಳ್ಳೇದು ಮಗ, ಹೊಟ್ಟೆ ಹಾಗೇ ಉಳ್ಕೊಂಡ್ರೆ ಆಮೇಲೆ ನನ್ನೇ ಬೈತೀಯ" ಎಂದು ಅಮ್ಮ ಅನ್ನುತ್ತಿದ್ದಳು. ಅವಳ ಅಮ್ಮ ಅವಳಿಗೆ ಮಾಡಿದ್ದು ಅದೇ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರ ಒಂದು ಅಧ್ಯಯನ 2021ರಲ್ಲಿ ಮಕ್ಕಳ ರೋಗಗಳ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ನೋಡಲು ಪುಷ್ಟಿಯಾಗಿದ್ದ ಕೂಸುಗಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬರುತ್ತಿದ್ದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಹೃದಯ ಸೋಲುತ್ತಿತ್ತು. ಹುಟ್ಟಿನಿಂದ ಬಂದ ಹೃದಯದ ದೋಷ ಕಾಣುತ್ತಿರಲಿಲ್ಲ. ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರೆ ಅವು ಚೇತರಿಸಿಕೊಳ್ಳುತ್ತಿದ್ದವು.

ಇದರ ದಾರಿ ಹೀಗೆ. ಥಯಾಮಿನ್ ಇರುವುದು ಅಕ್ಕಿಯ ಹೊರಪದರದಲ್ಲಿ. ಪಾಲಿಶ್ ಮಾಡಿದರೆ ತೌಡಿನ ಜೊತೆ ಹೋಗುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಮೂರು ನಾಲ್ಕು ಸಲ ತೊಳೆದು, ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ಮೈಯಲ್ಲಿ ಅದರ ದಾಸ್ತಾನು ಕೆಲವೇ ವಾರಕ್ಕೆ ಸಾಲುವಷ್ಟು. ಬೇಳೆ, ಕಾಳು, ತರಕಾರಿಗಳನ್ನೆಲ್ಲ ಪಥ್ಯದ ಹೆಸರಿನಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ಬಿಳಿ ಅನ್ನ ಸಾರು ಕೊಟ್ಟರೆ ತಾಯಿಯಲ್ಲಿ ಅದು ಖಾಲಿಯಾಗುತ್ತದೆ, ಹಾಲಿನಲ್ಲೂ ಕಡಿಮೆಯಾಗುತ್ತದೆ. ಮಗುವಿನ ಹೊಟ್ಟೆ ಕೆಡಬಾರದೆಂದು ಮಾಡಿದ ಪಥ್ಯ ಮಗುವಿನ ಎದೆಗೇ ಕುತ್ತಾಗುತ್ತದೆ. ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅದೇ ಸಮಯಕ್ಕೆ ತಟ್ಟೆ ಚಿಕ್ಕದಾಗುತ್ತದೆ.

ನೀರಿನ ಕಥೆಯೂ ಅಷ್ಟೇ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ನೀರು ಕಡಿಮೆ ಮಾಡಿ, ಏಳಲೂ ಬಿಡದೆ ಮಲಗಿಸಿದರೆ ಅಪಾಯ ಇನ್ನೂ ಹೆಚ್ಚು. ಬಾಣಂತಿಯರ ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಬಿಡದ ತಲೆನೋವು, ಒಂದೇ ಕಾಲಿನ ಊತ, ಜ್ವರ, ಕೆಟ್ಟ ವಾಸನೆಯ ಸ್ರಾವ, ಒಮ್ಮೆಲೇ ಹೆಚ್ಚಾದ ರಕ್ತಸ್ರಾವ ಕಂಡರೆ 'ಹಸಿ ಮೈ, ಹೀಗೇ ಇರುತ್ತೆ' ಎಂದು ಸುಮ್ಮನಿರಬಾರದು.

ಪರಂಪರೆಯಲ್ಲಿ ಬರೀ ಕಟ್ಟುಪಾಡೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಕಟ್ಟುವ ಅಂಟಿನುಂಡೆ, ಕಬ್ಬಿಣದ ಅಂಶ ಹೇರಳವಾಗಿರುವ ಅಳವಿಯ ಪಾಯಸ, ಥಯಾಮಿನ್ ಉಳಿಸಿಕೊಳ್ಳುವ ಕರಾವಳಿಯ ಕುಚ್ಚಲಕ್ಕಿ, ನಮ್ಮ ಕಡೆಯ ರಾಗಿ ಅಂಬಲಿ, ಸಬ್ಬಸಿಗೆ ಸೊಪ್ಪು ಎಲ್ಲವೂ ಅದೇ ಪರಂಪರೆಯವು. ಅಮ್ಮನ ಜೊತೆ ನಾನು ವಾದ ಮಾಡಿ ಗೆದ್ದದ್ದು ವಿಜ್ಞಾನ ಹೇಳಿ ಅಲ್ಲ. "ನಿನ್ನ ಸೋದರಮಾವನ ಮನೇಲಿ ಬಾಣಂತೀರಿಗೆ ಹೆಸರುಬೇಳೆ ತೊವ್ವೆ, ರಾಗಿ ಗಂಜಿ ಕೊಡ್ತಿದ್ರಲ್ವಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾರನೆಯ ದಿನ ತೊವ್ವೆ ಬಡಿಸಿದಳು.

ಆರನೆಯ ವಾರದ ಅಳು

ಹುಟ್ಟಿದ ಮಗು ದಿನಕ್ಕೆ 16-17 ಗಂಟೆ ಮಲಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಸತ್ಯವೇ, ಆದರೆ ಎರಡು ಮೂರು ಗಂಟೆಯ ಕಂತುಗಳಲ್ಲಿ. ಹಗಲು ಇರುಳಿನ ಅರಿವು ಮೂಡಲು ಎರಡು ಮೂರು ತಿಂಗಳು ಬೇಕು. ಅಳು ಎರಡನೆಯ ವಾರದಿಂದ ಏರುತ್ತಾ ಹೋಗುತ್ತದೆ. ಅಮೆರಿಕದ ಮಕ್ಕಳ ತಜ್ಞ ಬೆರಿ ಬ್ರೇಝಲ್ಟನ್ 80 ಮಕ್ಕಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ 1962ರಲ್ಲಿ ಪ್ರಕಟಿಸಿದರು. ಆರನೆಯ ವಾರದಲ್ಲಿ ಅಳು ದಿನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆಗೆ ಮುಟ್ಟಿ, ಅಲ್ಲಿಂದ ಇಳಿಯುತ್ತಿತ್ತು. ಹೆಚ್ಚು ಅಳು ಸಂಜೆಯ ಹೊತ್ತು. ಆರೋಗ್ಯವಾಗಿರುವ, ಹೊಟ್ಟೆ ತುಂಬಿದ ಮಕ್ಕಳೇ ಹೀಗೆ ಅಳುತ್ತವೆ.

ಇದು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಬಜೆ ತೇಯುವುದು ತಪ್ಪುತ್ತಿತ್ತು. ಸಂಜೆಯ ಅಳುವಿಗೆ ದೃಷ್ಟಿ, ವಾಯು, ತಾಯಿ ತಿಂದ ಬದನೆಕಾಯಿ, ಏನಾದರೊಂದು ಕಾರಣ ಹುಡುಕಿ ಕೊನೆಗೆ ತಾಯಿಯ ಮೇಲೆ ಹಾಕುತ್ತಾರೆ. ಮಗುವಿಗೆ ಬೇಕಾಗಿರುವುದು ಹೆಚ್ಚಾಗಿ ಎದೆಯ ಬಿಸುಪು ಮತ್ತು ಪರಿಚಿತ ದನಿ. ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ಮೂರು ದಿನದೊಳಗಿನ ಕೂಸುಗಳಿಗೆ ವಿಶೇಷ ನಿಪ್ಪಲ್ ಕೊಟ್ಟು ಪರೀಕ್ಷಿಸಿದರು. ಚೀಪುವ ಲಯ ಬದಲಿಸಿದರೆ ತಾಯಿಯ ದನಿ ಕೇಳಿಸುವಂತೆ ಏರ್ಪಾಡು ಇತ್ತು, ಕೂಸುಗಳು ಲಯ ಬದಲಿಸಿಕೊಂಡವು. ಕಣ್ಣು ಚೆನ್ನಾಗಿ ಕಾಣುವುದು 20-30 ಸೆಂಟಿಮೀಟರ್ ದೂರಕ್ಕೆ, ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಸರಿಸುಮಾರು ಅಷ್ಟೇ ದೂರದಲ್ಲಿ.

ಎತ್ತಿಕೊಂಡು ಓಡಾಡಲು ತಾಯಿಯೇ ಬೇಕೆಂದಿಲ್ಲ. ಅಪ್ಪನ ಹೆಗಲು ಸಾಕು. ಆದರೆ ಕೇಂದ್ರ ಸರ್ಕಾರಿ ನೌಕರನಿಗೆ ಸಿಗುವ ಪಿತೃತ್ವ ರಜೆ 15 ದಿನ, ಖಾಸಗಿ ಕಂಪನಿಗಳ ಮೇಲೆ ಅಂಥ ಕಾನೂನೇ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ತಾಯಿಗೆ 26 ವಾರ ರಜೆ ಬಂತು, ಅದು ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಮಾತ್ರ. ಮನೆಗೆಲಸದ, ಗದ್ದೆಯ, ಕಟ್ಟಡ ಕೆಲಸದ ಹೆಂಗಸಿಗೆ ಅದು ತಲುಪುವುದಿಲ್ಲ. ಪಟ್ಟಣದ ಫ್ಲ್ಯಾಟುಗಳಲ್ಲಿ ತವರಿನ ಅಮ್ಮ ತಾನೇ ಉದ್ಯೋಗಸ್ಥೆ, ಅಥವಾ ಮಂಡಿನೋವಿನವಳು. ಮಗು ಅಳುವ ಸಂಜೆಗೆ ಎರಡನೆಯ ಜೊತೆ ಕೈ ಎಲ್ಲಿಂದ ಬರಬೇಕು?

ತಾಯಿಯನ್ನು ಕೇಳುವ ಹತ್ತು ಪ್ರಶ್ನೆ

ಹೆರಿಗೆಯಾದ ಮೂರು-ಐದನೆಯ ದಿನ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವಂಥದ್ದು. ನನಗೂ ಆಯಿತು. ಕೈಯಲ್ಲಿ ಹಿಡಿದ ಕುಲಾವಿ ಕಂಡು ಅತ್ತುಬಿಟ್ಟೆ. ಎರಡು ವಾರದಲ್ಲಿ ಅದು ಕಳೆಯುತ್ತದೆ. ಕಳೆಯದೆ, ನಿದ್ದೆ ಮಾಡಲು ಬಿಡುವಿದ್ದರೂ ನಿದ್ದೆ ಬಾರದೆ, ಮಗುವನ್ನು ಕಂಡರೆ ಏನೂ ಅನ್ನಿಸದೆ, ತಾನಿದ್ದು ಪ್ರಯೋಜನವಿಲ್ಲ ಎನ್ನಿಸತೊಡಗಿದರೆ ಅದು ಖಿನ್ನತೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ನೂರಕ್ಕೆ 22 ತಾಯಂದಿರಲ್ಲಿ ಇದು ಇರುತ್ತದೆ. ಊರಿನವರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ತೀವ್ರ ಮನೋವಿಕಾರ ಇದಕ್ಕಿಂತ ಬಹಳ ಅಪರೂಪ, ಸಾವಿರಕ್ಕೆ ಒಂದೆರಡು. ಅದು ಬಂದರೆ ಅದೇ ದಿನ ಆಸ್ಪತ್ರೆ ಸೇರಿಸಬೇಕು.

ಇಷ್ಟು ಸಾಮಾನ್ಯವಾದದ್ದು ಕಣ್ಣಿಗೆ ಬೀಳದಿರಲು ಕಾರಣ, ಯಾರೂ ಕೇಳುವುದಿಲ್ಲ. ಕೇಳಲು ಸಾಧನ ಇಲ್ಲದೆ ಅಲ್ಲ. ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿ 1987ರಿಂದ ಬಳಕೆಯಲ್ಲಿದೆ, ಅದರ ಕನ್ನಡ ರೂಪವನ್ನೂ ಇಲ್ಲಿಯ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ತಾಯಿಗೆ ಚಿಕಿತ್ಸೆ ಕೊಡುವಾಗ ಮಗುವನ್ನೂ ಜೊತೆಗಿರಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನೆಯಿಂದಲೇ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಉತ್ತರಿಸುತ್ತಾರೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ ನೋಡಬೇಕೆಂಬ ವ್ಯವಸ್ಥೆ 2011ರಿಂದ ದೇಶದಾದ್ಯಂತ ನಡೆದಿದೆ. ಅದರ ಬೇರು ಇರುವುದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇ 62ರಷ್ಟು ಇಳಿಸಿದ್ದನ್ನು 1999ರಲ್ಲಿ ಜಗತ್ತಿಗೆ ತೋರಿಸಿದರು. ಮನೆ ಬಾಗಿಲಿಗೆ ಹೋಗಿ ಕೇಳಿ, ಆರೈಕೆ ಮಾಡಿದ್ದರಿಂದಲೇ ಮಕ್ಕಳು ಉಳಿದವು.

ತಾಯಿಯ ಮನಸ್ಸನ್ನು ಕೇಳಲು ಹೊಸ ಯೋಜನೆಯೂ ಬೇಡ. ಆರು ವಾರಕ್ಕೆ ಮಗುವಿಗೆ ಪೆಂಟಾವಲೆಂಟ್, ಪೋಲಿಯೊ, ರೋಟಾವೈರಸ್, ನ್ಯುಮೋನಿಯಾ ಲಸಿಕೆಗಳಿವೆ. ಬೇರೆಲ್ಲ ತಪಾಸಣೆಗೆ ಚಕ್ಕರ್ ಹೊಡೆದ ತಾಯಿಯೂ ಆ ದಿನ ತಾಯಿ ಕಾರ್ಡ್ ಹಿಡಿದು ಬರುತ್ತಾಳೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ ಎಂದು ಸಿಸ್ಟರ್ ಹೇಳುತ್ತಾರೆ. ಹತ್ತು ಪ್ರಶ್ನೆಗೆ ಐದು ನಿಮಿಷ ಸಾಕು. ಅದೇ ಬೆಂಚಿನ ಮೇಲೆ, ಅತ್ತೆ ಗಂಡ ಯಾರೂ ಕೇಳಿಸಿಕೊಳ್ಳದಷ್ಟು ದೂರ ಕೂರಿಸಿ, ಅವಳನ್ನು ಕೇಳಿ, ಅಂಕ ಹಾಕಿ, ಹೆಚ್ಚಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಕಳಿಸಲಿ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕದ ಪಕ್ಕ ಅದಕ್ಕೊಂದು ಕಾಲಂ ಸೇರಿಸಲು ಸರ್ಕಾರಕ್ಕೆ ಆಗುವ ಖರ್ಚು ಒಂದು ಗೆರೆಯ ಶಾಯಿ.